ಪಶ್ಚಿಮದ ತುದಿಯ ಕುರ್ಚಿ

ತಾರಾಲಯದಲ್ಲಿ ಎಲ್ಲರೂ ಅವರನ್ನು ಸದ್ದುಮೇಷ್ಟ್ರು ಎನ್ನುತ್ತಿದ್ದರು. ಉಲ್ಕೆ ಬಿದ್ದರೆ, ಧೂಮಕೇತು ಬಾಲ ಬೀಸಿದರೆ, ಶನಿಯ ಬಳೆ ತಿರುಗಿದರೆ ಸದ್ದು ಇವರದು. ಆಕಾಶದಲ್ಲಿ ಸದ್ದೇ ಇರುವುದಿಲ್ಲವಲ್ಲ ಎಂದು ಯಾರಾದರೂ ಬುದ್ಧಿವಂತರು ಕೇಳಿದರೆ, "ಅದಕ್ಕೇ ಅಲ್ವಾ ನನಗೆ ಕೆಲಸ ಕೊಟ್ಟಿರೋದು!" ಎಂದು ನಗುವರು. ಇಪ್ಪತ್ತೆರಡು ವರ್ಷದಿಂದ ಇದೇ ಜೋಕು. ಪುಣ್ಯಾತ್ಮರಿಗೆ ಬೇಸರವೇ ಬಂದಿರಲಿಲ್ಲ.

ಅವರಿಗೊಂದು ಗುಟ್ಟು ಗೊತ್ತಿತ್ತು. ಅದು ಹಳೆಯ ಗಾರೆಯ ಗುಮ್ಮಟ. ಪೂರ್ವದ ತುದಿಯ ಕುರ್ಚಿಯಲ್ಲಿ ಪಿಸುಗುಟ್ಟಿದ್ದು ಗೋಡೆ ಹತ್ತಿ ಬಂದು ಪಶ್ಚಿಮದ ತುದಿಯ ಕುರ್ಚಿಗೆ ಇಳಿಯುತ್ತಿತ್ತು. ನಡುವೆ ಕೂತ ಇನ್ನೂರು ಜನಕ್ಕೆ ಒಂದಕ್ಷರವೂ ಕೇಳದು. ಹೆಂಡತಿಯನ್ನು ಒಲಿಸಿಕೊಂಡದ್ದೂ ಹೀಗೆಯೇ. ಆಕೆಯನ್ನು ಪೂರ್ವದಲ್ಲಿ ಕೂರಿಸಿ, ತಾವು ಪಶ್ಚಿಮದಿಂದ, "ನನ್ನ ಮದುವೆ ಆಗ್ತೀಯಾ?" ಎಂದಿದ್ದರು. ಆಕೆ ಬೆಚ್ಚಿ ಮೇಲೆ ನೋಡಿ, ಹೂಂ ಎಂದಿದ್ದಳು. ಆಮೇಲೆ ಆ ಪಶ್ಚಿಮದ ಕುರ್ಚಿ, ಬಂದವರು ತಮ್ಮ ಸದ್ದಿನ ಬಗ್ಗೆ ಏನಂತಾರೆಂದು ಕದ್ದು ಕೇಳುವುದಕ್ಕಷ್ಟೇ ಬಳಕೆಯಾಯಿತು.

ನಕ್ಷತ್ರಗಳ ಹುಟ್ಟುಸಾವಿನ ಹೊಸ ಪ್ರದರ್ಶನಕ್ಕೆ ಮೊದಲ ಬಾರಿ ಇಡೀ ಸಂಗೀತ ಅವರದೇ. ಮೂರು ವರ್ಷದ ದುಡಿಮೆ. ಅದನ್ನು ಉಳಿಸುವುದೋ, ಹೊರಗಿನಿಂದ ಸಿದ್ಧ ಸಂಗೀತ ತರುವುದೋ ಎಂದು ನಿರ್ದೇಶಕಿ ಮೊದಲ ದಿನವೇ ತೀರ್ಮಾನಿಸುವವರಿದ್ದರು. ಆಯಮ್ಮನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ, ಪಕ್ಕದವರು ಹೇಳಿದ್ದೇ ಅವರ ಅಭಿಪ್ರಾಯ. ಅದಕ್ಕೇ ಮೇಷ್ಟ್ರು ಹೆಂಡತಿಯನ್ನು ಪೂರ್ವದ ತುದಿಯಲ್ಲಿ ನಿರ್ದೇಶಕಿಯ ಪಕ್ಕಕ್ಕೇ ಕೂರಿಸಿ, ತಾವು ಪಶ್ಚಿಮದ ಕುರ್ಚಿ ಹಿಡಿದರು.

ಹೆಂಡತಿ ಮಕ್ಕಳಿಗೆ ಹಾಡು ಹೇಳಿಕೊಡುವವಳು. ನಕ್ಷತ್ರ ಹುಟ್ಟುವ ಭಾಗಕ್ಕೆಂದು ಅವಳಿಂದ ನಾಲ್ಕು ತಿಂಗಳು ಆಲಾಪ ಹಾಡಿಸಿದ್ದರು. ಗೋಡೆಗೆ ಹಾಸಿಗೆ ಒರಗಿಸಿದ ಕೋಣೆ, ಸದ್ದಾದೀತೆಂದು ಫ್ಯಾನೂ ಇಲ್ಲ. ಅವಳು ಬೆವರು ಒರೆಸಿಕೊಳ್ಳುತ್ತ ಹಾಡುವಳು, ಇವರು "ಇನ್ನೊಂದ್ಸಲ" ಎನ್ನುವರು. ಕೊನೆಗೊಂದು ದಿನ, "ಕಂಪ್ಯೂಟರ್ ಕೈಕೊಡ್ತು ಕಣೇ, ನಿನ್ನ ದನಿ ಎಲ್ಲ ಅಳಿಸಿಹೋಯ್ತು," ಎಂದರು. ಶುದ್ಧ ಸುಳ್ಳು. ತಾವೇ ಅಳಿಸಿ, ಅಲ್ಲಿಗೆ ಯಂತ್ರದ ದನಿ ಹಾಕಿದ್ದರು. "ಹೋಗ್ಲಿ ಬಿಡಿ," ಎಂದು ಅವಳು ಅನ್ನಕ್ಕಿಡಲು ಎದ್ದಿದ್ದಳು.

ಪ್ರದರ್ಶನದಲ್ಲಿ ನಕ್ಷತ್ರ ಸಿಡಿದ ಮೇಲೆ ಎರಡು ನಿಮಿಷ ಪೂರ್ತಿ ಮೌನವಿತ್ತು. ಜನ ಹೊಗಳುವುದು ಕೇಳಲೆಂದೇ ಮೇಷ್ಟ್ರು ಅದನ್ನು ಅಷ್ಟು ಉದ್ದ ಇಟ್ಟಿದ್ದರು. ಮೌನ ಶುರುವಾಯಿತು. ಅವರು ಮೈಯೆಲ್ಲ ಕಿವಿಯಾಗಿ ಕೂತರು.

"ಹೇಗಿದೆ? ನಿಮ್ಮವರು ಅಂತ ನೋಡ್ಬೇಡಿ, ನಿಜ ಹೇಳಿ." ನಿರ್ದೇಶಕಿಯ ದನಿ.

"ನಿಜ ಹೇಳ್ಲಾ ಮೇಡಂ? ಅಲ್ಲಿಂದಿಲ್ಲಿಂದ ಕಿತ್ತು ಅಂಟಿಸಿದ್ದು. ಒಂದು ತುಣುಕೂ ಮನಸಲ್ಲಿ ನಿಲ್ಲಲ್ಲ. ಹೊರಗಿಂದ ತರಿಸಿಬಿಡಿ."

ಮೇಷ್ಟ್ರು ಕುರ್ಚಿಯ ತುದಿಗೆ ಜರುಗಿದರು. ಮನಸ್ಸಲ್ಲಿ ನಿಲ್ಲುವುದಿಲ್ಲವಂತೆ! ಪಾತ್ರೆ ತೊಳೆಯುವಾಗ ಅವಳೇ ಇದನ್ನು ಮೊದಲಿನಿಂದ ಕೊನೆಯವರೆಗೆ ಗುನುಗುತ್ತಿದ್ದಳು.

"ಪಾಪ, ಅವರಿಗೆ ಬೇಜಾರಾಗಲ್ವಾ?"

"ಆಗುತ್ತೆ. ಎರಡು ದಿನ ಊಟ ಬಿಡ್ತಾರೆ. ಮೂರನೇ ದಿನ ತಾವೇ ತಟ್ಟೆ ಹಾಕ್ಕೊಂಡು ಕೂರ್ತಾರೆ."

ನಿರ್ದೇಶಕಿ ಕಿಸಕ್ಕನೆ ನಕ್ಕರು. "ಸರಿ, ಹಾಗೇ ಮಾಡ್ತೀನಿ," ಎಂದು ಫೋನು ಹಿಡಿದು ಎದ್ದು ಹೊರಗೆ ಹೋದರು. ಮೂರು ವರ್ಷ ಅಷ್ಟರಲ್ಲಿ ಮುಗಿದಿತ್ತು.

ಆಮೇಲೆ ಹೆಂಡತಿಯ ದನಿ ಇನ್ನೂ ಹತ್ತಿರ ಬಂತು, ಗೋಡೆಗೆ ತುಟಿ ಹಚ್ಚಿದವಳ ಹಾಗೆ.

"ರೀ, ಕೇಳಿಸ್ತಾ? ಹೋದ ಗುರುವಾರ ನಿಮ್ಮ ಊಟದ ಡಬ್ಬಿ ಹಿಡ್ಕೊಂಡು ನಾನು ನೀವೀಗ ಕೂತಿರೋ ಕುರ್ಚೀಲೇ ಕೂತಿದ್ದೆ. ನೀವು ಇಲ್ಲಿ ಕೂತು ಮೇಡಂಗೆ ಹೇಳ್ತಿದ್ರಿ. 'ನಮ್ಮವಳ ದನಿ ಬಚ್ಚಲಲ್ಲಿ ಹಾಡೋಕೆ ಸರಿ ಮೇಡಂ, ಆಕಾಶಕ್ಕಲ್ಲ. ಅದಕ್ಕೇ ಅಳಿಸಿಹಾಕ್ದೆ' ಅಂತ."

ಇಷ್ಟು ವರ್ಷ ಬರೀ ಕೇಳಿಸಿಕೊಂಡವರಿಗೆ, ತಮ್ಮ ಮಾತೂ ಆ ಗೋಡೆ ಹತ್ತುತ್ತದೆನ್ನುವುದು ಮರೆತೇಹೋಗಿತ್ತು.

"ಕೇಳಿಸ್ತೇನ್ರೀ?"

ಅಳು ಒತ್ತರಿಸಿಕೊಂಡು ಬಂತು. ಮೂಗು ಸೆಳೆದರೂ ಅವಳಿಗೆ ತಿಳಿಯುತ್ತದೆ. ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಮೌನ ಮುಗಿಯಲು ಇನ್ನೂ ಅರ್ಧ ನಿಮಿಷವಿತ್ತು.

"ಹೇಳ್ಬೇಡಿ ಬಿಡಿ," ಎಂದಳು ಅವಳು. "ನಿಮ್ಮ ಉಸಿರು ಕೇಳ್ತಿದೆ."