ಒಂದು ಗೇಣು ಸಡಿಲ

ಯರಗುಪ್ಪಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗುರವ್ವನವರ ಅಡುಗೆಮನೆಯ ಕಟ್ಟೆಯ ಕೆಳಗೆ ತಲೆ ತೂರಿಸಿ, ಬಾಯಲ್ಲಿ ಸಣ್ಣ ಟಾರ್ಚು ಕಚ್ಚಿಕೊಂಡು ಹಸನಬಿ ಮಲಗಿದ್ದಾರೆ. ನಟ್ಟು ಬಿಗಿಯುವ ಪಾನಾ ಪಕ್ಕದಲ್ಲೇ ಇದೆ, ಇನ್ನೂ ಮುಟ್ಟಿಲ್ಲ. ಗೋಡೆಯ ಬಿರುಕಿನೊಳಗೆ ತೋರುಬೆರಳು ಎಷ್ಟು ಹೋಗುತ್ತದೆಂದು ನೋಡುತ್ತಿದ್ದಾರೆ. ನಳದ ಪೈಪು ಬದಲಿಸಲು ಬಂದವರು ಗೋಡೆಯ ನಾಡಿ ಹಿಡಿದು ಕೂತರೆ ಯಾರಿಗಾದರೂ ವಿಚಿತ್ರ ಅನಿಸುತ್ತದೆ. ಅವರ ಕೆಲಸ ನೋಡಲು ಜೊತೆಗೆ ಬಂದ ನನಗೂ ಅನಿಸಿತು.

ಗುರವ್ವನವರಿಗೆ ಈ ನಳ ಸಣ್ಣ ಸಂಗತಿಯಲ್ಲ. ಮೊಣಕಾಲು ಸವೆದ ಮೇಲೆ ಅಂಗಳದಿಂದ ಕೊಡ ಹೊರುವುದು ಅವರಿಂದಾಗದು. ಒಳಗೇ ನೀರು ಬಂದದ್ದರಿಂದ ಒಲೆ ಮತ್ತೆ ಅವರ ಕೈಗೆ ಬಂದಿದೆ. ಆದರೆ ಬೇಸಿಗೆ ಬಂತೆಂದರೆ ಕಟ್ಟೆಯ ಕೆಳಗಿನ ಗಟ್ಟಿ ಪ್ಲಾಸ್ಟಿಕ್ ಪೈಪು ಸೀಳಿ ನೀರೆಲ್ಲ ಗೋಡೆಯ ಬುಡಕ್ಕೆ ಇಳಿಯುತ್ತದೆ. ಈ ಸಲವೂ ಸೋರಿದರೆ ಒಳಗಿನ ನಳವನ್ನೇ ಕಿತ್ತು ಹಾಕುವುದಾಗಿ ಮಗ ಪ್ರಭು ಹೇಳಿಬಿಟ್ಟಿದ್ದಾರೆ. ಮಣ್ಣಿನ ಗೋಡೆ, ಅವರ ಹೆದರಿಕೆಯೂ ಸುಳ್ಳಲ್ಲ. ತಮ್ಮ ತವರೂರು ಶಲವಡಿಯಲ್ಲಿ ಹಸನಬಿ ಜೋಡಿಸಿದ ಪೈಪು ಎಷ್ಟೋ ಬೇಸಿಗೆ ಕಂಡು ಹಾಗೇ ಇದೆಯೆಂದು ಕೇಳಿ, ಗುರವ್ವ ಕೊನೆಯ ಆಸೆಯಿಂದ ಕರೆಸಿದ್ದಾರೆ.

"ಎರಿ ಭೂಮ್ಯಾಗ ಮನಿ ನಿಂತಲ್ಲೇ ನಿಂದ್ರೂದಿಲ್ರಿ," ಹಸನಬಿ ಎದ್ದು ಕೂತು ಹೇಳುತ್ತಾರೆ. "ಬ್ಯಾಸಗ್ಯಾಗ ನೆಲ ಬಾಯಿ ಬಿಡತೈತಿ, ಮಳಿಗಾಲದಾಗ ಉಬ್ಬತೈತಿ. ಗೋಡಿ ಅದರ ಹಿಂದ ಹೋಗತೈತಿ. ಗಟ್ಟಿ ಪೈಪ್ ಪಾಪ, ಎಲ್ಲಿಗೆ ಹೋಗಬೇಕು?"

ಚೀಲದಿಂದ ಉಕ್ಕಿನ ಜಾಲರಿ ಹೊದ್ದ, ಬಗ್ಗುವ ಕನೆಕ್ಷನ್ ಪೈಪುಗಳು ಹೊರಬರುತ್ತವೆ. ಅಳತೆಗೆ ಸರಿಯಾಗಿ ಕೂಡುವುದನ್ನು ಅವರು ಬದಿಗಿಡುತ್ತಾರೆ. ಅದಕ್ಕಿಂತ ಒಂದು ಗೇಣು ಹೆಚ್ಚು ಉದ್ದದ್ದು ಬೇಕಂತೆ. ಚಿಕ್ಕದಾದರೆ ನೋಡಲು ನೀಟಾಗಿರುತ್ತದಲ್ಲ ಎಂದು ಪ್ರಭು ಕೇಳಿದರೆ, ಕಟ್ಟೆಯ ಕೆಳಗೆ ಯಾರು ನೋಡಾಕ ಬರ್ತಾರ ಎಂದು ನಗುತ್ತಾರೆ.

ಹಸನಬಿ ಸಂಶಿಯವರು. ಗಂಡ ಗುಲಾಮಹುಸೇನ ಈ ಕೆಲಸ ಮಾಡುತ್ತಿದ್ದರು. ನೀರಿನ ಟಾಕಿಯ ಮೇಲಿಂದ ಬಿದ್ದು ಬಲಗೈ ಎತ್ತಲಾಗದಂತಾದಾಗ, ಅವರು ಹೇಳುತ್ತ ಹೋದಂತೆ ಇವರು ಮಾಡುತ್ತ ಹೋದರು. ಬಿಗಿದಷ್ಟೂ ಒಳ್ಳೆಯದೆಂದುಕೊಂಡು ಮೊದಮೊದಲು ಒಡೆದ ನಟ್ಟುಗಳಿಗೆ ಲೆಕ್ಕವಿಲ್ಲ. ಈಗ ಮೊದಲ ಬಸ್ಸಿಗೆ ಒಬ್ಬರೇ ಹೊರಡುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಮನೆ, ಕೆಲವು ದಿನ ಒಂದೂ ಇಲ್ಲ. ಬಾಗಿಲಲ್ಲೇ ನಿಲ್ಲಿಸಿ, ಗಂಡಸರು ಯಾರೂ ಬರಲಿಲ್ಲವೇ ಎಂದು ಕೇಳುವವರು ಇವತ್ತಿಗೂ ಇದ್ದಾರೆ. ನನಗೆ ಸಿಟ್ಟು ಬರುತ್ತದೆ, ಅವರಿಗೆ ಬರುವುದಿಲ್ಲ. "ನೀರಿಗೆ ಗೊತ್ತಾಗೂದಿಲ್ರಿ, ಯಾರ ಕೈ ಅಂತ."

ಗೋಡೆಯಿಂದ ಹೊರಬಂದ ಪೈಪಿನ ತಿರುಪಿಗೆ ಬಿಳಿ ಟೇಪು ಸುತ್ತುತ್ತಾರೆ. ಕನೆಕ್ಷನ್ ಪೈಪಿನ ತುದಿಗೆ ಸುತ್ತುವುದಿಲ್ಲ, ಅಲ್ಲಿ ನೀರು ತಡೆಯುವ ಕೆಲಸ ಒಳಗಿನ ರಬ್ಬರ್ ವಾಷರಿನದು. ನಟ್ಟನ್ನು ಕೈಯಲ್ಲೇ ತಿರುಗಿಸಿ, ಅದು ನಿಂತ ಮೇಲೆ ಪಾನಾದಿಂದ ತುಸುವೇ ಬಿಗಿದು ಬಿಡುತ್ತಾರೆ. ಆಮೇಲೆ ಒಂದು ಚಿಟಿಕೆ ಜೋಳದ ಹಿಟ್ಟು ಕೇಳುತ್ತಾರೆ.

ಗುರವ್ವ ಡಬ್ಬಿ ತರುತ್ತಾರೆ. ಹಸನಬಿ ಹಿಟ್ಟನ್ನು ಎರಡೂ ನಟ್ಟುಗಳ ಸುತ್ತ ಸವರುತ್ತಾರೆ. ಹನಿ ಜಿನುಗಿದರೂ ಹಿಟ್ಟು ನೆನೆದು ಮಂಕಾಗಿ ಹೇಳಿಬಿಡುತ್ತದಂತೆ. ಅಷ್ಟರಲ್ಲಿ ಊರಿನ ನೀರು ಬಿಡುತ್ತಾರೆ. ಪೈಪು ಕೆಮ್ಮುತ್ತದೆ, ನಡುಗುತ್ತದೆ, ಬಿಟ್ಟ ಸಡಿಲಿನಲ್ಲಿ ಒಮ್ಮೆ ಮೈ ಹೊರಳಿಸಿ ಸುಮ್ಮನಾಗುತ್ತದೆ. ಎಲ್ಲರೂ ಬಗ್ಗಿ ನೋಡುತ್ತೇವೆ. ಹಿಟ್ಟು ಬೆಳ್ಳಗೇ ಇದೆ. ಇಷ್ಟು ವರ್ಷ ನಳ ತಿರುಗಿಸಿದ್ದೇನೆ, ಅದರ ಕೆಳಗೆ ಇಂಥ ವಿದ್ಯೆಯಿದೆಯೆಂದು ನನಗೆ ಹೊಳೆದಿರಲಿಲ್ಲ.

ಮುಂದಿನ ತಿಂಗಳು ಬಿರುಕು ಇನ್ನೂ ಅಗಲವಾದರೆ ಎಂದು ಪ್ರಭು ಕೇಳುತ್ತಾರೆ.

"ನಡೀಲಿ ಬಿಡ್ರಿ ಗೋಡಿ. ಜಾಗಾ ಬಿಟ್ಟೇನಿ."

ಪ್ರಭು ಬಗ್ಗಿ ಹಿಟ್ಟನ್ನು ಇನ್ನೊಮ್ಮೆ ನೋಡಿ, ನಳ ಇರಲಿ ಎನ್ನುತ್ತಾರೆ. ಗುರವ್ವ ಆಗಲೇ ಚಹಾಕ್ಕೆ ನೀರು ಹಿಡಿಯುತ್ತಿದ್ದಾರೆ. ಹಸನಬಿಯ ಹೆಸರು ಊರಿಗೆಲ್ಲ ಹೇಳುತ್ತೇನೆ, ಸಾಯುವತನಕ ಮರೆಯುವುದಿಲ್ಲ ಎನ್ನುತ್ತಾರೆ.

"ಮರತ ಬಿಡ್ರಿ ಅವ್ವಾರ," ಹಸನಬಿ ಕೈಯ ಹಿಟ್ಟು ಕೊಡವುತ್ತಾರೆ. "ನಾ ನೆನಪಾದ್ನಿ ಅಂದ್ರ, ನಳ ಸೋರಾಕತ್ತೈತಿ ಅಂತನ."