ರೂಟರಿನ ಬೆನ್ನಿಗೆ ಹಚ್ಚಿದ ವಿಭೂತಿ

ಕೇಳಿ ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಫೋನ್ ಅಪ್‌ಡೇಟ್ ಆಗಿ ಎದ್ದದ್ದೇ ತಡ, ಮನೆಯ ವೈಫೈ ಪಾಸ್‌ವರ್ಡ್ ಮರೆತುಬಿಟ್ಟಿತ್ತು. ಹತ್ತು ಗಂಟೆಗೆ ಸಂಕೇಶ್ವರದ ಕಾಲೇಜೊಂದರ ಉಪನ್ಯಾಸಕಿ ಹುದ್ದೆಗೆ ವಿಡಿಯೋ ಸಂದರ್ಶನ. ಗೋಕಾಕದ ನಮ್ಮ ಮನೆಯೊಳಗೆ ಮೊಬೈಲ್ ನೆಟ್‌ವರ್ಕ್ ಹೆಸರಿಗಷ್ಟೇ.

ಪಾಸ್‌ವರ್ಡ್ ರೂಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿದೆ ಎಂದು ತಿರುಗಿಸಿದರೆ, ಆಯುಧಪೂಜೆಯ, ಅಂದರೆ ನಮ್ಮ ಖಂಡೇ ಪೂಜೆಯ ದಿನ ಅತ್ತೆ ಎಳೆದ ವಿಭೂತಿ ಅದರ ಮೇಲೆ ಗಟ್ಟಿಯಾಗಿ ಕೂತಿತ್ತು. ಒದ್ದೆ ಬಟ್ಟೆಯಿಂದ ತಿಕ್ಕಿದೆ. ವಿಭೂತಿಯ ಜೊತೆ ಅಕ್ಷರಗಳೂ ಹೋದವು!

“ಅತ್ತೀ, ಹಚ್ಚಾಕ ಬ್ಯಾರೆ ಜಾಗಾನ ಸಿಗಲಿಲ್ಲೇನ್ರಿ?” ಎಂದು ರೇಗಿದೆ.

ಅವರು ತಮ್ಮ ಫೋನಿನಲ್ಲಿ ಪ್ರವಚನ ನೋಡುತ್ತಿದ್ದರು. ತಲೆಯೆತ್ತದೆ, “ಮುಂದ ದೀಪ ಮಿಣಕತಾವ, ಅದಕ್ಕ ಹಿಂದ ಹಚ್ಚೀನಿ” ಎಂದರು.

ಪ್ರವಚನ ಎಲ್ಲೂ ನಿಲ್ಲದೆ ಓಡುತ್ತಿತ್ತು. ಅಂದರೆ ಅವರ ಫೋನಿಗೆ ವೈಫೈ ಇನ್ನೂ ಇತ್ತು! ಅದನ್ನು ಕಸಿದುಕೊಂಡು, ವೈಫೈ ಹಂಚುವ ಕ್ಯೂಆರ್ ಕೋಡ್ ತೆರೆದು, ನನ್ನ ಫೋನಿನಿಂದ ಸ್ಕ್ಯಾನ್ ಮಾಡಿದೆ. ವೈಫೈ ಬಂತು, ಹೋದ ಜೀವವೂ ಬಂತು. ಸಂದರ್ಶನ ಒಮ್ಮೆಯೂ ಕಡಿಯದೆ ಮುಗಿಯಿತು.

ನಗುತ್ತ ಹೊರಗೆ ಬಂದರೆ ಅತ್ತೆ ಕಾದು ಕೂತಿದ್ದರು. “ಪೂಜಿ ದಿನ ನಿನ್ನ ಫೋನಿಗೂ ಹಚ್ಚತೇನಿ ಅಂದ್ರ, ಹೊಲಸಾಗತೈತಿ ಬ್ಯಾಡ್ರಿ ಅಂದಿ. ನನ್ನ ಫೋನಿಗೆ ಹಚ್ಚೀನಿ. ಅದು ಏನರ ಮರತೈತೇನು?”

ಎಂ.ಎಸ್ಸಿ. ಓದಿದ ನಾನು ನನ್ನ ಫೋನ್ ತಿರುವಿ ಅವರ ಮುಂದೆ ಹಿಡಿದೆ.

“ಕ್ಯಾಮೆರಾ ಒಂದ್ ಬಿಟ್ಟು ಹಚ್ಚರಿ.”