ಶರಣಮ್ಮನ ಷರತ್ತು

ಜೀವಾವಧಿ ಕೈದಿಯನ್ನು ಅವಧಿಗೆ ಮುಂಚೆ ಬಿಡುವ ಮೊದಲು, ಕೊಲೆಯಾದವನ ಮನೆಯವರ ಅಭಿಪ್ರಾಯ ಕೇಳಿಬರುವುದು ಪ್ರೊಬೇಷನ್ ಅಧಿಕಾರಿಯಾದ ನನ್ನ ಕೆಲಸ. ಒಮ್ಮೆ ಕೆಂಭಾವಿ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ಶರಣಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಹೊಲದ ಬದುವಿನ ಜಗಳದಲ್ಲಿ ಅವಳ ಗಂಡನನ್ನು ಕೊಂದವನು ಅದೇ ಓಣಿಯ ಮಲ್ಲಪ್ಪ.

“ಮಲ್ಲಪ್ಪನ್ನ ಬಿಟ್ರ ನಿಮ್ದೇನಾರ ತಕರಾರು ಅದ ಏನ್ರಿ?” ಅಂತ ಕೇಳಿದೆ. ಕೇಳುವಾಗ ನನಗೇ ನಾಚಿಕೆಯಾಯಿತು.

ಅವಳ ಕೈ ನಿಂತಿತು. “ಕೋರ್ಟಿನಾಗ ನನ್ನ ಗಂಡನ ಅಂಗಿ ಬಣ್ಣ ಕೇಳಿದ್ರು. ನನಗೇನು ಅನಸ್ತದ ಅಂತ ಇವತ್ತೇ ನೋಡ್ರಿ ಕೇಳಾಕತ್ತಿದ್ದು.” ಮತ್ತೆ ಮೆಣಸಿನಕಾಯಿ ಹರವುತ್ತಾ ಹೇಳಿದಳು: “ಬರ್ಲಿ. ಅವನವ್ವ ಕಣ್ಣು ಕಾಣ್ಲಾರ್ದ ಬಾಗಿಲಾಗ ಕುಂತಾಳ, ಅಕಿದೇನು ತಪ್ಪು? ಆದ್ರ ನನ್ನ ಮನಿ ಮುಂದ ಹಾಯಬಾರ್ದು. ಕೆನಾಲ್ ದಾರಿ ಹಿಡೀಲಿ.”

ನನ್ನ ಫಾರ್ಮಿನಲ್ಲಿ ‘ಆಕ್ಷೇಪಣೆ ಇದೆ’, ‘ಇಲ್ಲ’ ಎಂಬ ಎರಡೇ ಚೌಕಗಳಿದ್ದವು. ‘ಇಲ್ಲ’ಕ್ಕೆ ಗುರುತು ಹಾಕಿ, ಅಂಚಿನಲ್ಲಿ ಅವಳ ಮಾತು ಬರೆದು ಓದಿ ಹೇಳಿದೆ.

“ನಾ ಬ್ಯಾಡ ಅಂದಿದ್ರ ನಿಲ್ಲಿಸ್ತಿದ್ರೇನ್ರಿ?” ಅಂದಳು.

“ಗೊತ್ತಿಲ್ರಿ,” ಅಂದೆ. ಅದು ನಿಜವೇ ಆಗಿತ್ತು.

ಮುಂದೆ ಮಲ್ಲಪ್ಪ ಬಿಡುಗಡೆಯಾದ. ಆದೇಶದಲ್ಲಿ ಶರಣಮ್ಮನ ಮಾತಿನ ಸುಳಿವೇ ಇರಲಿಲ್ಲ. ಜೈಲಿನ ಬಾಗಿಲಲ್ಲಿ ನಾನೇ ಅವನಿಗೆ ಅದನ್ನು ಬಾಯಿಮಾತಿನಲ್ಲಿ ಹೇಳಿದೆ. ತಲೆ ತಗ್ಗಿಸಿ “ಆಗ್ಲಿರಿ” ಅಂದ. ಇವತ್ತಿಗೂ ಬಸ್‌ಸ್ಟ್ಯಾಂಡಿಗೆ ಕೆನಾಲ್ ಮೇಲಿಂದ ಸುತ್ತಿಕೊಂಡೇ ಹೋಗುತ್ತಾನಂತೆ. ಇಲಾಖೆ ಬರೆದುಕೊಟ್ಟ ಷರತ್ತುಗಳನ್ನು ಅಷ್ಟೇ ನಿಷ್ಠೆಯಿಂದ ಪಾಲಿಸುತ್ತಾನೋ ಇಲ್ಲವೋ, ನಾನಂತೂ ವಿಚಾರಿಸಲು ಹೋಗಿಲ್ಲ.